ರೋಬೋಟ್ ತಾನಾಗಿ ಮಿದುಳಿನ ಆಪರೇಷನ್ ಮಾಡುವುದಿಲ್ಲ: ಸ್ಪಷ್ಟನೆ

ವಿರಾಜಪೇಟೆ, ಗೋಣಿಕೊಪ್ಪದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಮಿದುಳಿನ ಗಡ್ಡೆಯನ್ನು ಈಗ ರೋಬೋಟೇ ಮುಟ್ಟಿ ನೋಡಿ ತೆಗೆಯುತ್ತದೆ, ಡಾಕ್ಟರ್ ಬೇಕಿಲ್ಲ." ಮೊನ್ನೆ ನಾನೂ ಅದನ್ನು ನಮ್ಮ ಕುಟುಂಬದ ಗುಂಪಿಗೆ ಕಳಿಸಿದ್ದೆ. ಅದು ತಪ್ಪು.

ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ಡಾ. ಗಾರ್ನೆಟ್ ಸದರ್ಲೆಂಡ್ ಅವರ ತಂಡ ರೂಪಿಸಿದ ನ್ಯೂರೋಆರ್ಮ್ ರೋಬೋಟನ್ನು 2008ರಲ್ಲಿ ಮಿದುಳಿನ ಗಡ್ಡೆ ತೆಗೆಯಲು ಬಳಸಿದರು. ಅಲ್ಲೂ ಯಂತ್ರದ ಕೈಗಳನ್ನು ಆಡಿಸುವವರು ಬೇರೆ ಕೋಣೆಯಲ್ಲಿ ಕುಳಿತ ಸರ್ಜನ್. ಉಪಕರಣದ ಮೇಲೆ ಬೀಳುವ ಬಲವನ್ನು ಸೆನ್ಸರ್ ಅಳೆಯುತ್ತದೆ; ಅದು ಸರ್ಜನ್ ಹಿಡಿದ ಹಿಡಿಕೆಗೆ ಮರಳಿ ತಾಗುತ್ತದೆ. ಇದಕ್ಕೆ ಫೋರ್ಸ್ ಫೀಡ್‌ಬ್ಯಾಕ್ ಅನ್ನುತ್ತಾರೆ; ಸಂದೇಶದಲ್ಲಿರುವ "ಮುಟ್ಟಿ ನೋಡಿ" ಅಂದರೆ ಇಷ್ಟೇ. ಗಡ್ಡೆ ಗಟ್ಟಿಯೋ ಮೆತ್ತಗೋ ಎಂದು ತಿಳಿಯುವುದು ಮನುಷ್ಯನ ಕೈಗೆ, ನಿರ್ಧಾರವೂ ಅವರದೇ. ಮಿದುಳು ಬಹಳ ಮೃದು, ಬರೀ ಕಣ್ಣಳತೆಯಲ್ಲಿ ಒತ್ತಡ ಅಂದಾಜು ಮಾಡುವುದು ಕಷ್ಟ. ಅದಕ್ಕೇ ಈ ಏರ್ಪಾಡು.

ಎಲ್ಲ ರೋಬೋಟ್‌ಗಳಲ್ಲೂ ಇದು ಇರುವುದಿಲ್ಲ. ಹಲವು ರೋಬೋಟ್‌ಗಳ ಕೆಲಸ ಬಯಾಪ್ಸಿ ಸೂಜಿಗೋ (ಪರೀಕ್ಷೆಗೆ ಚೂರು ತೆಗೆಯುವ ಸೂಜಿ) ಎಲೆಕ್ಟ್ರೋಡಿಗೋ (ಮಿದುಳಿನೊಳಗೆ ಇಡುವ ಸಣ್ಣ ವಿದ್ಯುತ್ ತಂತಿ) ಸರಿಯಾದ ದಾರಿ ಹಿಡಿದು ನಿಲ್ಲುವುದು. ಸೂಜಿ ಇಳಿಸುವುದು ಸರ್ಜನ್.

ಇಲ್ಲಿಂದ ಮೈಸೂರಿಗೋ ಮಂಗಳೂರಿಗೋ ರೋಗಿಯನ್ನು ಕರೆದೊಯ್ಯಬೇಕಾದ ಮನೆಯವರು ರೋಬೋಟ್ ಹುಡುಕುತ್ತಾ ದಿನ ಕಳೆಯಬಾರದು, ನನ್ನ ಆತಂಕ ಅದು. ದಯವಿಟ್ಟು ಆ ಸಂದೇಶ ಮುಂದೆ ಕಳಿಸಬೇಡಿ. ಕಳಿಸಿದ್ದರೆ ಅಳಿಸಿ, ಅದೇ ಗುಂಪಿಗೆ ಇದನ್ನು ಹಾಕಿ.