ಹಾಲಿನ ಪುಸ್ತಕದಲ್ಲಿ ನನ್ನ ಬಿಪಿ

ಹೋದ ತಿಂಗಳು ಕೆಮ್ಮಿಗೆ ಔಷಧಿ ತರೋಣ ಅಂತ ಡಾಕ್ಟರ ಹತ್ತಿರ ಹೋದವನು ಬಿಪಿ ಅಂಟಿಸಿಕೊಂಡು ಬಂದೆ. ಕೆಮ್ಮು ಮೂರು ದಿನಕ್ಕೆ ಹೋಯಿತು. ಬಿಪಿ ಮನೆಯಲ್ಲೇ ಠಿಕಾಣಿ ಹೂಡಿತು.

ಆಗಿದ್ದು ಇಷ್ಟೇ. ನನ್ನದು 23ನೇ ಟೋಕನ್. 19 ಮುಗಿಯುತ್ತಿದ್ದ ಹಾಗೆ "ಒಂದೇ ನಿಮಿಷ, ರಿಪೋರ್ಟ್ ತೋರಿಸಿ ಬಂದ್‌ಬಿಡ್ತೀನಿ" ಅಂತ ಒಬ್ಬರು ಒಳಗೆ ನುಗ್ಗಿದರು, ಅವರ ಹಿಂದೆ ಅವರ ಇಡೀ ವಂಶವೇ ನುಗ್ಗಿತು. ನನ್ನ ಸರದಿ ಬರುವ ಹೊತ್ತಿಗೆ ತಲೆಯಿಂದ ಹಬೆ ಏಳುತ್ತಿತ್ತು, ಇಡ್ಲಿ ಇಟ್ಟಿದ್ದರೆ ಬೇಯುತ್ತಿತ್ತು. ಆಗ ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ 158/96 ಬರದೆ ಇನ್ನೇನು ಬಂದೀತು? ಡಾಕ್ಟರು ಗಾಬರಿಯಾಗಲಿಲ್ಲ. "ಕೆಲವರಿಗೆ ಬಿಳಿ ಕೋಟು ಕಂಡರೇ ಏರುತ್ತೆ. ಒಂದು ಮಷೀನ್ ತಗೊಂಡು ವಾರ ಪೂರ್ತಿ ಮನೆಯಲ್ಲೇ ನೋಡಿ. ಬೆಳಗ್ಗೆ ಎರಡು ಸಲ, ಸಂಜೆ ಎರಡು ಸಲ. ಬರೆದು ತನ್ನಿ" ಅಂದರು. ಅವರು ಹಾಕಿಕೊಂಡಿದ್ದು ನೀಲಿ ಟೀ ಶರ್ಟು. ನಾನು ಸುಮ್ಮನಿದ್ದೆ.

ಮಷೀನ್ ಬಂತು. ಹಾಲ್‌ನಲ್ಲಿ ದಿವಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬೆಳಗಿನ ಚಳಿ ಅಂತ ಸ್ವೆಟರ್ ಮೇಲೇ ಪಟ್ಟಿ ಸುತ್ತಿಕೊಂಡು, ಇನ್ನೊಂದು ಕೈಯಲ್ಲಿ ಕಾಫಿ ಲೋಟ ಹಿಡಿದು ಗುಂಡಿ ಒತ್ತಿದೆ. ಅದು ಗುರ್ ಅಂತ ತೋಳು ಹಿಂಡುತ್ತಿದ್ದಾಗಲೇ ಹೆಂಡತಿ ಕೇಳಿದಳು, "ಎಷ್ಟು ಕೊಟ್ರಿ ಇದಕ್ಕೆ?"

"ಎರಡು ಸಾವಿರದ ನಾನೂರು."

"ಆನ್‌ಲೈನಲ್ಲಿ ಸಾವಿರದ ಆರುನೂರಕ್ಕೇ ಸಿಗುತ್ತೆ."

164/98.

ಆ ರಾತ್ರಿ ನಿದ್ದೆ ಬರಲಿಲ್ಲ. ಹನ್ನೊಂದು ಗಂಟೆಗೆ ಫೋನ್ ಹಿಡಿದು ರಕ್ತದೊತ್ತಡದ ಬಗ್ಗೆ ಓದುತ್ತಾ ಕೂತೆ. ಈ ಕೆಲಸ ಯಾವ ಬಿಪಿಯವರೂ ಮಾಡಬಾರದು. ಆದರೆ ಒಂದು ಸಮಾಧಾನ ಸಿಕ್ಕಿತು. ಇದನ್ನು ಮೊದಲು ಅಳೆದ ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಒಂದು ಕುದುರೆಯನ್ನು ಕಟ್ಟಿ ಮಲಗಿಸಿ, ಅದರ ರಕ್ತನಾಳಕ್ಕೇ ಕೊಳವೆ ಸೇರಿಸಿ, ರಕ್ತ ಎಷ್ಟು ಎತ್ತರಕ್ಕೆ ಏರುತ್ತದೆ ಅಂತ ನೋಡಿದ್ದರು. ಎಂಟು ಅಡಿಗೂ ಜಾಸ್ತಿ ಏರಿತ್ತು. ಅದನ್ನು 1733ರಲ್ಲಿ ಪುಸ್ತಕದಲ್ಲಿ ಬರೆದೂ ಇಟ್ಟರು. ತೋಳಿಗೆ ಪಟ್ಟಿ ಕಟ್ಟುವ ಉಪಾಯವನ್ನು ಇಟಲಿಯ ರಿವಾ ರೋಚಿ ಹೇಳಿದ್ದು 1896ರಲ್ಲಿ. ನಾನು ತಡವಾಗಿ ಹುಟ್ಟಿದ್ದೇ ಒಳ್ಳೆಯದಾಯಿತು ಅಂದುಕೊಂಡು ಮಲಗಿದೆ. ಎಂಟು ಅಡಿ ಕೊಳವೆ ನಿಲ್ಲಿಸೋಕೆ ನಮ್ಮ ಮನೆಯಲ್ಲಿ ಜಾಗ ಎಲ್ಲಿದೆ? ಫ್ಯಾನಿಗೇ ತಾಗುತ್ತದೆ.

ಭಾನುವಾರ ಕನ್ನಡಕ ಹಾಕಿಕೊಂಡು ಮಷೀನಿನ ಡಬ್ಬದಲ್ಲಿದ್ದ ಚೀಟಿ ಬಿಡಿಸಿದೆ. ಇರುವೆ ಸಾಲಿನಂಥ ಅಕ್ಷರ. ಅದರಲ್ಲಿ ಏನೇನು ಮಾಡಬಾರದು ಅಂತ ಬರೆದಿತ್ತೋ ಅಷ್ಟನ್ನೂ ನಾನು ಮಾಡಿದ್ದೆ. ಅಳೆಯುವ ಮುಂಚಿನ ಅರ್ಧ ಗಂಟೆ ಕಾಫಿ ಕುಡಿಯಬಾರದಂತೆ. ಐದು ನಿಮಿಷ ಸುಮ್ನೆ ಕೂರಬೇಕಂತೆ. ಬೆನ್ನಿಗೆ ಒರಗು ಬೇಕು, ಪಾದ ಎರಡೂ ನೆಲಕ್ಕೆ ತಾಗಿರಬೇಕು, ಪಟ್ಟಿ ಬರೀ ತೋಳಿಗೆ ಕಟ್ಟಬೇಕು, ಮೂತ್ರ ತಡೆದುಕೊಂಡು ಕೂರಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಮಾತಾಡಬಾರದು. ಇದನ್ನು ಹೆಂಡತಿಗೆ ಓದಿ ಹೇಳಿದೆ. "ಮಾತಾಡಬಾರದು ಅಂತ ಇರೋದು ನಿಮಗೆ, ನನಗಲ್ಲ" ಅಂದಳು. ಚೀಟಿಯನ್ನು ಮತ್ತೆ ನೋಡಿದೆ. ಅವಳು ಹೇಳಿದ್ದು ಸರಿ.

ಇಷ್ಟರಲ್ಲಿ ಬೆಂಗಳೂರಿನಿಂದ ಮಗಳು ಒಂದು ಸುದ್ದಿ ಕಳಿಸಿದಳು. 2024ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರು 133 ಜನರ ಕೈ ಎಲ್ಲೆಲ್ಲಿ ಇಟ್ಟರೆ ಬಿಪಿ ಎಷ್ಟು ತೋರಿಸುತ್ತೆ ಅಂತ ಪರೀಕ್ಷೆ ಮಾಡಿದ್ದರು. ಕೈಯನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಡುವುದೇ ಸರಿ. ತೊಡೆಯ ಮೇಲೆ ಇಟ್ಟರೆ ಮೇಲಿನ ಅಂಕಿ ಸುಮಾರು 4 ಜಾಸ್ತಿ ಬರುತ್ತೆ, ಪಕ್ಕಕ್ಕೆ ಜೋತು ಬಿಟ್ಟರೆ 6.5 ಜಾಸ್ತಿ. ಕ್ಲಿನಿಕ್‌ನಲ್ಲಿ ನನ್ನ ಕೈ ಎಲ್ಲಿತ್ತು ಅಂತ ಯೋಚಿಸಿದೆ. 20ನೇ ಟೋಕನ್‌ನವರು ಮರೆತು ಹೋಗಿದ್ದ ಛತ್ರಿ ಹಿಡಿದುಕೊಂಡಿತ್ತು.

ಅವತ್ತಿನಿಂದ ಊಟದ ಮೇಜೇ ನನ್ನ ಪ್ರಯೋಗಶಾಲೆ. ಬರೆಯೋಕೆ ಬೇರೆ ಪುಸ್ತಕ ಕೈಗೆ ಸಿಗದೆ ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದೆ. ಎಡಗಡೆ ಅರ್ಧ ಲೀಟರ್, ಮುಕ್ಕಾಲು ಲೀಟರ್. ಬಲಗಡೆ 146/90, 139/88. ಅದರ ಪಕ್ಕ ಹೆಂಡತಿಯ ಟಿಪ್ಪಣಿ ಬೇರೆ: "ಕ್ರಿಕೆಟ್ ನೋಡಿದ ಮೇಲೆ", "ಚಕ್ಕುಲಿ ಡಬ್ಬ ಖಾಲಿ ಮಾಡಿದ ದಿನ", "ನನ್ನ ಅಣ್ಣ ಫೋನ್ ಮಾಡಿದ್ದ". ಒಂದು ದಿನ ಬರೀ "ಸುಳ್ಳು" ಅಂತ ಬರೆದಿದ್ದಳು. ಅದು 128/80.

ಮನೆಯಲ್ಲಿ ತಕ್ಕಡಿ ಇದ್ದರೆ ಎಲ್ಲರೂ ಹತ್ತಿ ಇಳಿಯುತ್ತಾರೆ ಅಲ್ವಾ, ಹಾಗೇ ಆಯಿತು ಇದೂ. ಎದುರು ಮನೆಯ ಮೇಷ್ಟ್ರು ಪೇಪರ್ ಓದೋ ನೆಪದಲ್ಲಿ ಬಂದು ತೋಳು ಚಾಚಿದರು. ಅವರ ಹೆಂಡತಿ ಬಂದರು. ಆ ಮನೆಗೆ ಬಂದಿದ್ದ ನೆಂಟರೂ ಬಂದರು. ಎಂಬತ್ತೆರಡು ವರ್ಷದ ನಮ್ಮ ಅತ್ತೆ ಊಟಕ್ಕೆ ಮಾವಿನ ಮಿಡಿ ಇಲ್ಲದೆ ಕೂರುವವರಲ್ಲ. ಅವರದ್ದು 124/76. ಆಮೇಲೆ ಮೂರು ದಿನ ಅವರು ಆ ಅಂಕಿಯನ್ನು ಫೋನಲ್ಲಿ ಊರಿಗೆಲ್ಲ ಹೇಳಿದರು. ಕೊನೆಗೆ ಅಳಿಯಂದರ ಅಂಕಿಯನ್ನೂ ದನಿ ತಗ್ಗಿಸಿ ಹೇಳುತ್ತಿದ್ದರು. ತಗ್ಗಿಸಿದ ದನಿ ಬೀದಿಗೆ ಕೇಳುತ್ತಿತ್ತು.

ಹಾಲಿನವರು ತಿಂಗಳ ದುಡ್ಡಿಗೆ ಬಂದಾಗ ಹೆಂಡತಿ ಅವರನ್ನೂ ಬಿಡಲಿಲ್ಲ. ಮಜ್ಜಿಗೆ ಕೊಟ್ಟು, ಐದು ನಿಮಿಷ ಕೂರಿಸಿ, ಪಟ್ಟಿ ಕಟ್ಟಿದಳು. ಪುಸ್ತಕ ಕೈಯಲ್ಲೇ ಇತ್ತಲ್ಲ, ಅವರದ್ದನ್ನೂ ಅದರಲ್ಲೇ ಬರೆದಳು. ಹೆಸರು ಬರೆಯಲಿಲ್ಲ.

ವಾರ ಮುಗಿಯಿತು. ಡಾಕ್ಟರು ಹಾಲಿನ ಪುಸ್ತಕ ತಿರುವಿ ಹಾಕಿದರು. ಮೊದಲ ದಿನದ್ದು ಬಿಟ್ಟು ಉಳಿದಿದ್ದಕ್ಕೆ ಸರಾಸರಿ ತೆಗೆದರು. 138/87 ಬಂತು. ಮನೆಯಲ್ಲಿ ಅಳೆದಾಗ 135/85ರ ಒಳಗಿರಬೇಕಂತೆ. "ಸ್ವಲ್ಪ ಜಾಸ್ತಿ. ಈಗಲೇ ಮಾತ್ರೆ ಬೇಡ. ಉಪ್ಪು ಕಡಿಮೆ ಮಾಡಿ, ದಿನಕ್ಕೆ ಎಲ್ಲ ಸೇರಿ ಐದು ಗ್ರಾಂ ಒಳಗೆ, ಅಂದ್ರೆ ಒಂದು ಟೀ ಚಮಚಕ್ಕಿಂತ ಕಡಿಮೆ. ದಿನಾ ನಡೀರಿ. ತಿಂಗಳು ಬಿಟ್ಟು ನೋಡೋಣ" ಅಂದವರು, ಒಂದು ಪುಟದಲ್ಲಿ ನಿಂತುಬಿಟ್ಟರು.

"17ನೇ ತಾರೀಖು 112/70 ಇದೆಯಲ್ರೀ! ಫಸ್ಟ್ ಕ್ಲಾಸ್! ಅವತ್ತು ಏನು ಮಾಡಿದ್ರಿ?"

ನಾನು ಬಾಯಿ ತೆಗೆಯುವ ಮೊದಲೇ ಹೆಂಡತಿ ಹೇಳಿದಳು, "ಅದು ಹಾಲಿನವರದ್ದು, ಸರ್."

ಡಾಕ್ಟರು ಪೆನ್ ಕೆಳಗಿಟ್ಟರು. "ವಯಸ್ಸೆಷ್ಟು ಅವರಿಗೆ?"

"ಇವರಿಗಿಂತ ಆರು ವರ್ಷ ದೊಡ್ಡವರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಸೈಕಲ್ ತುಳ್ಕೊಂಡು ನಲವತ್ತು ಮನೆಗೆ ಹಾಲು ಹಾಕ್ತಾರೆ."

ವಾಪಸ್ ಬರುವಾಗ ಆಟೋದಲ್ಲಿ ಅವಳು ಒಂದು ಮಾತೂ ಆಡಲಿಲ್ಲ. ಆಗಲೇ ನನಗೆ ಅನುಮಾನ ಬಂತು. ಮಾರನೇ ದಿನ ಬೆಳಗ್ಗೆ ಗೇಟಿನ ಹತ್ತಿರ ಹಾಲಿನವರಿಗೆ ಹೇಳುತ್ತಿದ್ದಳು, "ನಾಳೆಯಿಂದ ಮನೆಗೆ ಹಾಲು ತರಬೇಡಿ. ಇವರೇ ನಡ್ಕೊಂಡು ನಿಮ್ಮ ಕೊಟ್ಟಿಗೆಗೆ ಬರ್ತಾರೆ."