ಮುಧೋಳ ನಾಯಿಯನ್ನು ಗಿಡ್ಡ ಮಾಡಬೇಡಿ

ಮರಿ ಕೇಳಿ ಫೋನ್ ಮಾಡುವವರಲ್ಲಿ ಈಗೀಗ ಒಂದು ಹೊಸ ಬೇಡಿಕೆ ಶುರುವಾಗಿದೆ. "ಮಿನಿ ಮುಧೋಳ ಸಿಗುತ್ತಾ?" ಅಪಾರ್ಟ್‌ಮೆಂಟಿನಲ್ಲಿ ಸಾಕುವಷ್ಟು ಗಿಡ್ಡ, ತೊಡೆ ಮೇಲೆ ಕೂರಿಸಿಕೊಳ್ಳುವಷ್ಟು ಹಗುರ. ಆದರೆ ಮುಖ ಅದೇ ಉದ್ದಕ್ಕೆ ಇರಬೇಕು, ಸೊಂಟ ಅದೇ ಸಣ್ಣಗೆ ಇರಬೇಕು. ಅಂಥ ತಳಿ ಇಲ್ಲ ಅಂದರೆ, "ಮಾಡಬಹುದಲ್ವಾ, ಹೊರದೇಶದಲ್ಲಿ ಎಲ್ಲಾ ತಳಿಯದ್ದೂ ಮಾಡ್ತಾರೆ" ಅನ್ನುತ್ತಾರೆ. ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ನಮ್ಮ ನಾಯಿ ಇಷ್ಟ, ಮನೆಯಲ್ಲಿ ಜಾಗ ಕಮ್ಮಿ, ಅಷ್ಟೇ. "ಅದಕ್ಕೇನ್ರೀ, ಎರಡ್ಮೂರು ಸೂಲಿನಾಗ ಮಾಡಿ ಕೊಡೋಣ" ಅನ್ನುವ ನಮ್ಮ ಕಡೆಯವರನ್ನು ಕಂಡರೆ ಮಾತ್ರ ಭಯ ಆಗುತ್ತದೆ.

ಇದು ಆಗಬಾರದು. ಯಾಕೆ ಅಂತ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ನಮ್ಮದು ಮುಧೋಳ ತಾಲ್ಲೂಕು, ಮನೆಯಲ್ಲಿ ಅಪ್ಪನ ಕಾಲದಿಂದ ನಾಯಿ ಇವೆ, ಮರಿಯನ್ನೂ ಮಾರುತ್ತೇವೆ. ಹಾಗಾಗಿ ದೂರದಲ್ಲಿ ನಿಂತು ಹೇಳುವ ಮಾತಲ್ಲ ಇದು.

ಮೊದಲು ನಾಯಿಯ ಮೈಯನ್ನೇ ನೋಡಿ. ಬೆಳಿಗ್ಗೆ ಹೊತ್ತು, ಕಬ್ಬು ಕಡಿದು ಖಾಲಿಯಾದ ಹೊಲದಲ್ಲಿ ವಯಸ್ಸಿಗೆ ಬಂದ ಒಂದು ನಾಯಿಯನ್ನು ಬಿಟ್ಟರೆ ಗೊತ್ತಾಗುತ್ತದೆ. ಜೋರಾಗಿ ಓಡುವಾಗ ಅದರ ನಾಲ್ಕೂ ಕಾಲು ಒಂದೊಂದು ದಾಪಿಗೂ ಎರಡು ಸಲ ನೆಲ ಬಿಡುತ್ತವೆ. ಮೈ ಪೂರ್ತಿ ಚಾಚಿದಾಗ ಒಮ್ಮೆ, ಹಿಂಗಾಲು ಮುಂಗಾಲನ್ನು ದಾಟಿ ಮುಂದೆ ಬಂದು ಮೈ ಮುದುರಿದಾಗ ಇನ್ನೊಮ್ಮೆ. ಬೆನ್ನು ಬಿಲ್ಲಿನ ಹಾಗೆ ಬಗ್ಗಿ ಬಿಚ್ಚಿಕೊಳ್ಳುತ್ತದೆ. ಎದೆ ಅಷ್ಟು ಆಳ ಇರುವುದು ಒಳಗಿನ ದೊಡ್ಡ ಹೃದಯಕ್ಕೆ, ಶ್ವಾಸಕೋಶಕ್ಕೆ ಜಾಗ ಬೇಕು ಅಂತ. ಹೊಟ್ಟೆ ಮೇಲಕ್ಕೆ ಸೆಳೆದುಕೊಂಡಿರುವುದು ಹಿಂಗಾಲು ಅಡ್ಡಿಯಿಲ್ಲದೆ ಮುಂದೆ ಬರಲಿ ಅಂತ. ಗಂಡು 68ರಿಂದ 72 ಸೆಂ.ಮೀ., ಹೆಣ್ಣು 64ರಿಂದ 68 ಸೆಂ.ಮೀ. ಎತ್ತರ. ಈ ಎತ್ತರವನ್ನು ಯಾರೂ ಕೂತು ಚೆಂದಕ್ಕೆ ಗೊತ್ತು ಮಾಡಿದ್ದಲ್ಲ. ಮೊಲದ ಹಿಂದೆ ಓಡಿ, ಹೊಲ ಕಾದು, ಕುರಿ ಹಟ್ಟಿ ಕಾದು ಉಳಿದ ನಾಯಿಗಳ ಎತ್ತರ ಅದು. ಮೊಲದ ಬೇಟೆ ಈಗ ಅಪರಾಧ, ನಿಂತಿದ್ದು ಒಳ್ಳೆಯದೇ ಆಯಿತು. ಆದರೆ ಆ ಕೆಲಸ ಕಟ್ಟಿದ ಮೈ ಹಾಗೇ ಇದೆ. ಇದೇ ಮೈಯನ್ನು ನಂಬಿ 2016ರಲ್ಲಿ ಸೇನೆಯವರು ಮುಧೋಳದಿಂದ ಮರಿಗಳನ್ನು ಮೀರತ್‌ನ ತಮ್ಮ ತರಬೇತಿ ಕೇಂದ್ರಕ್ಕೆ ಒಯ್ದರು.

ಈಗ ಇದನ್ನು ಗಿಡ್ಡ ಮಾಡುವುದು ಹೇಗೆ? ದಾರಿ ಇರುವುದು ಮೂರೇ. ಮೂರರಲ್ಲೂ ನೋವು ನಾಯಿಗೇ.

ಸುಲಭ ಅನ್ನಿಸುವ ದಾರಿ, ಪ್ರತಿ ಸೂಲಿನಲ್ಲಿ ಎಲ್ಲಕ್ಕಿಂತ ಸಣ್ಣ ಮರಿಯನ್ನು ಇಟ್ಟುಕೊಂಡು, ಸಣ್ಣದಕ್ಕೆ ಸಣ್ಣದನ್ನೇ ಕೂಡಿಸುತ್ತಾ ಹೋಗುವುದು. ಮರಿ ಹಾಕಿಸಿದವರಿಗೆ ಗೊತ್ತು, ಒಂದು ಸೂಲಿನಲ್ಲಿ ಸಣ್ಣದಾಗಿ ಹುಟ್ಟುವ ಮರಿ ಬಹಳ ಸಲ ರಕ್ತದಿಂದ ಸಣ್ಣದಲ್ಲ. ಗರ್ಭದಲ್ಲಿ ಅದಕ್ಕೆ ಪೋಷಣೆ ಸರಿಯಾಗಿ ಸಿಕ್ಕಿರುವುದಿಲ್ಲ. ಹುಟ್ಟಿದ ಮೇಲೆ ಉಳಿದ ಮರಿಗಳು ಮೊಲೆಯಿಂದ ಅದನ್ನು ನೂಕಿರುತ್ತವೆ. ಹೊಟ್ಟೆಯಲ್ಲಿ ಜಂತುಹುಳ ಇರುತ್ತದೆ. ಕೆಲವಕ್ಕೆ ಹುಟ್ಟಿನಿಂದಲೇ ಹೃದಯದ್ದೋ ಯಕೃತ್ತಿನದ್ದೋ ತೊಂದರೆ. ಅಂಥ ಮರಿಗೆ ಜಂತಿನ ಔಷಧಿ ಹಾಕಿ, ಹೊಟ್ಟೆ ತುಂಬಾ ಹಾಲು ಕೊಟ್ಟರೆ ಆರು ತಿಂಗಳಲ್ಲಿ ಅಣ್ಣತಮ್ಮಂದಿರ ಸರಿಸಮಕ್ಕೆ ಬೆಳೆದು ನಿಂತದ್ದನ್ನು ನಾನೇ ನೋಡಿದ್ದೇನೆ. ಹಾಗೆ ಬೆಳೆದರೆ "ಮಿನಿ" ವ್ಯಾಪಾರ ಕೆಟ್ಟಿತು ಅಲ್ವಾ? ಆಗ ಮಾರುವವನ ಕೈಯಲ್ಲಿ ಉಳಿಯುವ ಉಪಾಯ ಒಂದೇ, ಮರಿಗೆ ಕಮ್ಮಿ ತಿನ್ನಿಸುವುದು. ಬರೀ ಗೋವಿನ ಜೋಳದ ಗಂಜಿ. ಹಾಲಿಲ್ಲ, ಮೊಟ್ಟೆಯಿಲ್ಲ, ಮಾಂಸವಿಲ್ಲ. ಎರಡು ತಿಂಗಳ ಮರಿಯನ್ನು ಹಾಗೆ ಬೆಳೆಸಿದರೆ ಏನಾಗುತ್ತದೆ ಅಂತ ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಮುಂಗಾಲಿನ ಮಣಿಕಟ್ಟು ಗಂಟು ಕಟ್ಟಿದ ಹಾಗೆ ಊದಿತ್ತು. ಮೂಳೆ ಹೊರಕ್ಕೆ ಬಾಗಿತ್ತು. ಬೆರಳಿನ ಮೇಲೆ ನಿಲ್ಲಬೇಕಾದ ಪಾದ ಚಪ್ಪಟೆಯಾಗಿ ನೆಲಕ್ಕೆ ಹತ್ತಿತ್ತು. ಪಕ್ಕೆಲುಬಿನ ಮೇಲೆ ಬೆರಳಾಡಿಸಿದರೆ ಮಣಿಸರದ ಹಾಗೆ ಗಂಟು ಸಿಗುತ್ತಿದ್ದವು. ಕ್ಯಾಲ್ಸಿಯಂ ಇಲ್ಲದೆ ಬೆಳೆದ ಮೂಳೆ ಅದು. ಆ ಮರಿಯನ್ನು ಕೊಂಡವರು "ಗಿಡ್ಡ ಜಾತಿ" ಅಂತ ಹೇಳಿಸಿಕೊಂಡು ತಂದಿದ್ದರು.

ಎರಡನೇ ದಾರಿ, ಸಣ್ಣ ಜಾತಿಯ ಜೊತೆ ಬೆರಕೆ ಮಾಡುವುದು. ಕಾಲು ಗಿಡ್ಡ ಬೇಕು ಅಂತ ಡ್ಯಾಷ್‌ಹೌಂಡ್ ಜೊತೆ ಕೂಡಿಸುವ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ಡ್ಯಾಷ್‌ಹೌಂಡ್ ಕೂಡ ಕೆಲಸದ ನಾಯಿಯೇ. ಜರ್ಮನಿಯಲ್ಲಿ ಬಿಲದೊಳಗೆ ನುಗ್ಗಿ ಬ್ಯಾಡ್ಜರ್ ಅನ್ನುವ ಪ್ರಾಣಿಯನ್ನು ಹಿಡಿಯಲಿ ಅಂತ ಅದನ್ನು ಗಿಡ್ಡ ಮಾಡಿದರು. ಕೆಲಸಕ್ಕಾಗಿ ಮಾಡಿದ್ದು ನಿಜ, ಆದರೂ ಅದರ ಬೆಲೆಯನ್ನು ಆ ನಾಯಿಗಳ ಬೆನ್ನು ತೆರುತ್ತಿದೆ. ಹೆಚ್ಚು ಕಮ್ಮಿ ನಾಲ್ಕರಲ್ಲಿ ಒಂದು ಡ್ಯಾಷ್‌ಹೌಂಡ್‌ಗೆ ಜೀವನದಲ್ಲಿ ಯಾವಾಗಾದರೂ ಬೆನ್ನಿನ ಡಿಸ್ಕ್ ಸಮಸ್ಯೆ ಬರುತ್ತದೆ. ಜೋರಾಗಿ ಬಂದರೆ ಹಿಂಗಾಲು ಬಿದ್ದೇ ಹೋಗುತ್ತದೆ. 2017ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ವಿಜ್ಞಾನಿಗಳು ಇದರ ಮೂಲ ಹಿಡಿದರು. ಎಫ್‌ಜಿಎಫ್4 ಅನ್ನುವ ಜೀನ್‌ನ ಒಂದು ಹೆಚ್ಚುವರಿ ಪ್ರತಿ 12ನೇ ಕ್ರೋಮೋಸೋಮಿನಲ್ಲಿ ಸೇರಿಕೊಂಡಿರುತ್ತದೆ. ಅದು ಕಾಲನ್ನೂ ಗಿಡ್ಡ ಮಾಡುತ್ತದೆ, ಬೆನ್ನುಮೂಳೆಯ ನಡುವಿನ ಮೆತ್ತೆಯನ್ನು ಎಳೆ ವಯಸ್ಸಿನಲ್ಲೇ ಗಟ್ಟಿ ಮಾಡಿ ಕೆಡಿಸುತ್ತದೆ. ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಬಂದರೂ ಸಾಕು. ಈಗ ಯೋಚನೆ ಮಾಡಿ. ಪ್ರತಿ ದಾಪಿಗೂ ಬೆನ್ನನ್ನು ಬಗ್ಗಿಸಿ ಬಿಚ್ಚುವ ನಾಯಿಯೊಳಗೆ ಇಂಥ ಬೆನ್ನು ಇಟ್ಟರೆ ಅದರ ಗತಿ ಏನು? ಓಡುವ ಆಸೆ ಮಾತ್ರ ಮುಧೋಳದ ರಕ್ತದಿಂದ ಪೂರ್ತಿ ಬಂದಿರುತ್ತದೆ.

ಮೂರನೆಯದು, ರೋಗದಿಂದ ಕುಳ್ಳಾದ ನಾಯಿಯನ್ನು "ಅಪರೂಪದ ಜಾತಿ" ಅಂತ ಮಾರುವುದು. ಜರ್ಮನ್ ಶೆಫರ್ಡ್‌ನಲ್ಲಿ ಇದು ಇದೆ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಸರಿಯಾಗಿ ಬೆಳೆಯದೆ ಕೆಲವು ಮರಿ ಮರಿಯಾಗಿಯೇ ಉಳಿಯುತ್ತವೆ. ಫೋಟೋದಲ್ಲಿ ನೋಡಿದರೆ ಎಂಥವರಿಗೂ ಮುದ್ದು ಬರುತ್ತದೆ. ಸ್ವಲ್ಪ ದಿನಕ್ಕೆ ಕೂದಲು ಉದುರಿ ಮೈ ಬೋಳಾಗುತ್ತದೆ, ಚರ್ಮ ಕಪ್ಪಾಗಿ ಸೋಂಕು ಹತ್ತುತ್ತದೆ, ಮೂತ್ರಪಿಂಡ ಸೋಲುತ್ತದೆ. ಚಿಕಿತ್ಸೆ ಸಿಗದಿದ್ದರೆ ಬಹುಪಾಲು ನಾಯಿಗಳು ನಾಲ್ಕೈದು ವರ್ಷ ದಾಟುವುದಿಲ್ಲ. ತಂದೆ ತಾಯಿ ಇಬ್ಬರೂ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತವೆ, ರಕ್ತದಲ್ಲಿ ಮಾತ್ರ ಆ ದೋಷ ಅಡಗಿರುತ್ತದೆ. ಪಾಪ, ಮರಿ ಕೊಂಡವರಿಗೆ ಇದೆಲ್ಲಾ ಗೊತ್ತಾಗುವ ಹೊತ್ತಿಗೆ ಮಾರಿದವನ ನಂಬರ್ ಸ್ವಿಚ್ಡ್ ಆಫ್.

"ಹಾಗಾದ್ರೆ ಸಣ್ಣ ನಾಯಿಯೇ ಇರಬಾರದಾ?" ಅಂತ ಕೇಳಬಹುದು. ನಾನು ಹಾಗೆ ಹೇಳುವುದಿಲ್ಲ. ಸಣ್ಣ ನಾಯಿಗಳು ಸಾಮಾನ್ಯವಾಗಿ ದೊಡ್ಡವಕ್ಕಿಂತ ಜಾಸ್ತಿ ವರ್ಷ ಬದುಕುತ್ತವೆ. ದೊಡ್ಡ ಜಾತಿಗಳಿಗೂ ಸೊಂಟದ ಕೀಲು ಕೆಡುವುದು, ಹೊಟ್ಟೆ ಉಬ್ಬರಿಸಿ ತಿರುಚಿಕೊಳ್ಳುವುದು ಇದ್ದೇ ಇದೆ. ಕೆಲಸ ಉಳಿಸಿಕೊಂಡು ಸಣ್ಣ ಮಾಡಿದ ಉದಾಹರಣೆಯೂ ಇದೆ. ಅಮೆರಿಕದಲ್ಲಿ ಕುರಿ ಕಾಯುವ ಆಸ್ಟ್ರೇಲಿಯನ್ ಶೆಫರ್ಡ್‌ಗಳಲ್ಲಿ ಸಹಜವಾಗಿ ಸಣ್ಣಗಿದ್ದವನ್ನು 1960ರ ದಶಕದ ಕೊನೆಯಿಂದ ಆರಿಸುತ್ತಾ ಬಂದರು. ಮಿನಿಯೇಚರ್ ಅಮೆರಿಕನ್ ಶೆಫರ್ಡ್ ಅಂತ ಅಲ್ಲಿನ ಕೆನಲ್ ಕ್ಲಬ್‌ನ, ಅಂದರೆ ನಾಯಿ ತಳಿಗಳನ್ನು ದಾಖಲಿಸುವ ಸಂಸ್ಥೆಯ, ಪೂರ್ಣ ಮಾನ್ಯತೆ ಸಿಕ್ಕಿದ್ದು 2015ರಲ್ಲಿ. ನಾಲ್ಕು ದಶಕಕ್ಕೂ ಹೆಚ್ಚು ಹಿಡಿಯಿತು. ಇವತ್ತಿಗೂ ಅದು ಕುರಿ ಅಟ್ಟುತ್ತದೆ. ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ಅದನ್ನೂ ಇನ್ನೂ ಕುಗ್ಗಿಸಿ "ಟಾಯ್" ಅಂತ ಮಾರುವವರು ಅಲ್ಲೂ ಇದ್ದಾರೆ.

ನನ್ನ ಅಳತೆ ಇಷ್ಟೇ. ಸಣ್ಣ ಮಾಡಿದ ನಾಯಿ ತನ್ನ ಸ್ವಭಾವ ಹೇಳಿದ್ದನ್ನು ನೋವಿಲ್ಲದೆ ಮಾಡಬಲ್ಲದಾ? ಓಡಬಲ್ಲದಾ, ಜಿಗಿಯಬಲ್ಲದಾ, ತಾನಾಗಿ ಮರಿ ಹಾಕಬಲ್ಲದಾ? ಹೌದಾದರೆ ಸರಿ. ಇಲ್ಲ ಅಂದರೆ ಅದನ್ನು ಹುಟ್ಟಿಸಿದ್ದೇ ತಪ್ಪು. ಜರ್ಮನಿಯ ಪ್ರಾಣಿ ರಕ್ಷಣಾ ಕಾನೂನಿನಲ್ಲಿ ಹುಟ್ಟಿನಿಂದಲೇ ಮರಿಗೆ ನೋವು, ತೊಂದರೆ ತರುವಂಥ ತಳಿ ಸಾಕಣೆಯನ್ನು ನಿಷೇಧಿಸಿದ್ದಾರೆ. ನಮ್ಮಲ್ಲಿ ಅಷ್ಟು ನೇರವಾದ ಮಾತು ಕಾನೂನಿನಲ್ಲಿ ಬಂದರೆ ನಾನಂತೂ ಸ್ವಾಗತಿಸುತ್ತೇನೆ.

ಓಡುವ ನಾಯಿಯನ್ನು ಸಣ್ಣ ಮಾಡಿದರೆ ಹೇಗಿರುತ್ತದೆ ಅಂತ ಊಹೆ ಮಾಡಬೇಕಾಗಿಲ್ಲ, ಅಂಥ ನಾಯಿ ಇದೆ. ಇಟಾಲಿಯನ್ ಗ್ರೇಹೌಂಡ್. ಎತ್ತರ 32ರಿಂದ 38 ಸೆಂ.ಮೀ., ತೂಕ 5 ಕೆ.ಜಿ. ಒಳಗೆ. ಬಹಳ ಹಳೆಯ ತಳಿ, ಪ್ರೀತಿಯ ನಾಯಿ. ಅದನ್ನು ಸಾಕುವವರಿಗೂ ಡಾಕ್ಟರುಗಳಿಗೂ ಗೊತ್ತಿರುವ ಅದರ ದೊಡ್ಡ ತೊಂದರೆ ಅಂದರೆ ಮುಂಗಾಲು ಮುರಿಯುವುದು. ಸೋಫಾದಿಂದ ಜಿಗಿದರೂ ಮುರಿಯುತ್ತದೆ. ಮುರಿಯುವುದು ಹೆಚ್ಚಾಗಿ ಮಣಿಕಟ್ಟಿನ ಸ್ವಲ್ಪ ಮೇಲೆ. ಸಣ್ಣ ಜಾತಿಗಳಲ್ಲಿ ಆ ಜಾಗಕ್ಕೆ ರಕ್ತನಾಳ ಕಮ್ಮಿ, ಹಾಗಾಗಿ ಕೂಡುವುದೂ ನಿಧಾನ. ಶತಮಾನಗಟ್ಟಲೆ ಜತನ ಮಾಡಿದ ತಳಿಯ ಪಾಡೇ ಇದಾದರೆ, ಎರಡ್ಮೂರು ಸೂಲಿನಲ್ಲಿ ಅವಸರಕ್ಕೆ ಮಾಡಿದ್ದರ ಪಾಡು?

ನಮಗೆ ಇನ್ನೂ ಹತ್ತಿರದ ಉದಾಹರಣೆ ಪಾಮೇರಿಯನ್. ಇವತ್ತು ಕೈಚೀಲದಲ್ಲಿ ಹಿಡಿಯುವ ಈ ನಾಯಿಯ ಹಿರಿಯರು ಉತ್ತರ ಯುರೋಪಿನ ದೊಡ್ಡ ಸ್ಪಿಟ್ಜ್ ನಾಯಿಗಳು. 1888ರಲ್ಲಿ ವಿಕ್ಟೋರಿಯಾ ರಾಣಿ ಇಟಲಿಯ ಫ್ಲಾರೆನ್ಸ್‌ನಿಂದ ಸಣ್ಣ ಪಾಮೇರಿಯನ್ ತಂದಳು. ರಾಣಿ ಸಾಕಿದ್ದು ಅಂದ ಮೇಲೆ ಎಲ್ಲರಿಗೂ ಸಣ್ಣದೇ ಬೇಕಾಯಿತು. ಈಗ ಅವಕ್ಕೆ ಮೊಣಕಾಲಿನ ಚಿಪ್ಪು ಜಾರುತ್ತದೆ, ಶ್ವಾಸನಾಳ ಕುಸಿದು ಕೆಮ್ಮು ಹಿಡಿಯುತ್ತದೆ. ಮುಧೋಳ ನಾಯಿಗೂ 42 ಹಲ್ಲು, ಪಾಮೇರಿಯನ್‌ಗೂ 42 ಹಲ್ಲು. ಅಷ್ಟು ಪುಟ್ಟ ದವಡೆಯಲ್ಲಿ ಅವು ಒತ್ತೊತ್ತಾಗಿ ಬೆಳೆದು, ವಸಡು ಕೆಟ್ಟು ಬೇಗ ಉದುರುತ್ತವೆ. ಒಂದು ಸೂಲಿಗೆ ಒಂದೋ ಎರಡೋ ಮರಿ, ಒಂದೇ ಇದ್ದಾಗ ಅದು ದೊಡ್ಡದಾಗಿ ಬೆಳೆದು ಸಿಕ್ಕಿಕೊಂಡು ಆಪರೇಷನ್ ಆಗುತ್ತದೆ. ಅದೇ ರಾಣಿಯ ಮೊಮ್ಮಗ ಐದನೇ ಜಾರ್ಜ್ ದೊರೆಗೆ ನಮ್ಮ ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆಯವರು ಒಂದು ಜೋಡಿ ನಾಯಿ ಕೊಟ್ಟಿದ್ದರು. "ಮುಧೋಳ ಹೌಂಡ್" ಅನ್ನುವ ಹೆಸರು ಲೋಕಕ್ಕೆ ಗೊತ್ತಾಗಿದ್ದು ಆಮೇಲೆಯೇ. ಅರಮನೆಗೆ ಹೋದರೂ ನಮ್ಮ ನಾಯಿ ಗಿಡ್ಡ ಆಗಲಿಲ್ಲ, ಅದು ನಮ್ಮ ಪುಣ್ಯ.

2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ಮನ್ ಕಿ ಬಾತ್‌ನಲ್ಲಿ ಮುಧೋಳ ನಾಯಿಯ ಹೆಸರು ತೆಗೆದ ಮೇಲೆ ಬೇಡಿಕೆ ಏರಿದೆ. ಒಳ್ಳೆಯದೇ. ತಿಮ್ಮಾಪುರದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ತಳಿ ಉಳಿಸಲು ಕಷ್ಟಪಡುತ್ತಿದೆ. ಎಷ್ಟೋ ಬಡ ಕುಟುಂಬಗಳು ಮರಿ ಮಾರಿ ಮಕ್ಕಳನ್ನು ಓದಿಸುತ್ತಿವೆ. ಅವರ ಹೊಟ್ಟೆ ಮೇಲೆ ಹೊಡೆಯುವ ಮಾತು ನನ್ನದಲ್ಲ. ಆದರೆ ಒಳ್ಳೆಯ ರಕ್ತದ ಹೆಣ್ಣು ನಾಯಿಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟು ಇಲ್ಲ. ಒಂದು ಹೆಣ್ಣನ್ನು "ಮಿನಿ" ಮಾಡುವ ಪ್ರಯೋಗಕ್ಕೆ ಹಚ್ಚಿದರೆ ತಳಿಗೆ ಒಂದು ತಾಯಿ ಕಮ್ಮಿ. ಹುಟ್ಟಿದ ಬೆರಕೆ ಮರಿಗಳು ನಾಳೆ ಮುಧೋಳ ಅಂತಲೇ ಮಾರಾಟವಾಗಿ ಇನ್ಯಾರದೋ ಮನೆಯ ಒಳ್ಳೆಯ ನಾಯಿಗೆ ಕೂಡುತ್ತವೆ. ಆಮೇಲೆ ಬೇರ್ಪಡಿಸಲು ಆಗುವುದಿಲ್ಲ. ಇದರಿಂದ ಬರುವ ದುಡ್ಡೂ ಎರಡು ವರ್ಷದ್ದು ಮಾತ್ರ. ಕಾಲು ಸೊಟ್ಟಗಾದ ನಾಯಿಗಳ ವಿಡಿಯೋ ಓಡಾಡಲು ಶುರುವಾದರೆ ಮುಧೋಳದಿಂದ ಮರಿ ಕೊಳ್ಳುವವರೇ ಹಿಂದೆ ಸರಿಯುತ್ತಾರೆ.

ಅಪಾರ್ಟ್‌ಮೆಂಟಿನವರಿಗೆ ಒಂದು ಮಾತು. ನಿಮ್ಮ ತೊಂದರೆ ನಾಯಿಯ ಎತ್ತರದ್ದಲ್ಲ. ನಮ್ಮ ಮನೆಯ ಹೆಣ್ಣು ನಾಯಿ ದಿನದ ಮುಕ್ಕಾಲು ಪಾಲು ಪಡಸಾಲೆಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಮಲಗಿರುತ್ತದೆ, ಇದೆಯೋ ಇಲ್ಲವೋ ಅನ್ನುವ ಹಾಗೆ. ಆದರೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಗ್ಗ ಬಿಚ್ಚಿ ಮೈತುಂಬಾ ಓಡಲು ಬಿಡಬೇಕು. ಬಿಡದಿದ್ದ ದಿನ ಅದು ಬಾಗಿಲು ಕೆರೆಯುತ್ತದೆ, ಸುಮ್ನೆ ಸುತ್ತು ಹೊಡೆಯುತ್ತದೆ, ಬೆಕ್ಕು ಕಂಡರೆ ಹುಚ್ಚಾಗುತ್ತದೆ. ಅರ್ಧ ಎತ್ತರದ ನಾಯಿಗೂ ಆ ಓಟ ಬೇಕೇ ಬೇಕು. ಬೇಲಿ ಹಾಕಿದ ಒಂದು ಮೈದಾನ ಹತ್ತಿರದಲ್ಲಿದ್ದು, ದಿನಾ ಕರೆದೊಯ್ಯುವ ಪುರುಸೊತ್ತು ನಿಮಗಿದ್ದರೆ ಪೂರ್ತಿ ಎತ್ತರದ ಮುಧೋಳವನ್ನೇ ಸಾಕಬಹುದು. ಅದಿಲ್ಲದಿದ್ದರೆ ಬೀದಿಯ ಒಂದು ಹೆಣ್ಣುಮರಿಯನ್ನು ಎತ್ತಿಕೊಳ್ಳಿ. ನಮ್ಮ ಹವೆಗೆ ಒಗ್ಗಿದ ಗಟ್ಟಿ ಜೀವ, ಮಧ್ಯಮ ಗಾತ್ರ, ಮನೆಯವರನ್ನು ಹಚ್ಚಿಕೊಂಡಿರುತ್ತದೆ.

ಮರಿ ಕೊಳ್ಳುವವರು ಇಷ್ಟಂತೂ ಮಾಡಿ. 2017ರ ಕೇಂದ್ರ ನಿಯಮದ ಪ್ರಕಾರ ತಳಿ ಸಾಕುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು, 8 ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ. ನೋಂದಣಿ ಕೇಳಿ. ಫೋಟೋ ನೋಡಿ ದುಡ್ಡು ಹಾಕಬೇಡಿ, ಊರಿಗೆ ಬನ್ನಿ. ತಾಯಿಯನ್ನು ತೋರಿಸಿ ಅನ್ನಿ. ತಾಯಿ ನಿಂತಾಗ ಭುಜದ ಎತ್ತರ ಟೇಪ್ ಹಿಡಿದು ಅಳೆಯಿರಿ, ಮುಂಗಾಲು ನೆಟ್ಟಗಿದೆಯಾ ನೋಡಿ, ಹೊಲದಲ್ಲಿ ಒಂದು ಸುತ್ತು ಓಡಿಸಿ ನೋಡಿ. ತಾಯಿಯನ್ನು ತೋರಿಸಲು ಹಿಂದೆಮುಂದೆ ನೋಡುವವನ ಹತ್ತಿರ ಮರಿ ಕೊಳ್ಳಬೇಡಿ, ಎಷ್ಟೇ ಅಗ್ಗಕ್ಕೆ ಕೊಟ್ಟರೂ.

ಲೋಕಾಪುರ, ಮುಧೋಳ, ಜಮಖಂಡಿ ಕಡೆ ನಾಯಿ ಸಾಕುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮ ಹೆಣ್ಣು ನಾಯಿ ಬೆದೆಗೆ ಬಂದಾಗ ಯಾರಾದರೂ ಗಿಡ್ಡ ಗಂಡು ತಂದು ಜಾಸ್ತಿ ದುಡ್ಡಿನ ಆಸೆ ತೋರಿಸಿದರೆ ಒಪ್ಪಬೇಡಿ. ಗಂಡು ಸಿಗುತ್ತಿಲ್ಲ ಅನ್ನುವುದಾದರೆ ನನಗೆ ಹೇಳಿ. ಎತ್ತರ, ಕಾಲು, ಹಲ್ಲು ಎಲ್ಲಾ ಸರಿ ಇರುವ ನಾಯಿ ಯಾರ ಮನೆಯಲ್ಲಿದೆ ಅಂತ ನಾನು ತೋರಿಸುತ್ತೇನೆ, ಒಂದು ರೂಪಾಯಿಯೂ ಬೇಡ.