ನಿಮ್ಮ ಕಿವಿಗೀಗ ಎಪ್ಪತ್ತೊಂದು ವರ್ಷ

2025ರ ಡಿಸೆಂಬರ್ ಬಂತು, ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈ ಎಲ್ಲರ ಜಾತಕ ಬರೆದು ಕೈಗಿಟ್ಟಿತು. ಆ ಸಲದ ವಿಶೇಷ 'ಕೇಳುವ ವಯಸ್ಸು'. ಇಪ್ಪತ್ನಾಲ್ಕರ ಹುಡುಗಿಗೆ ಎಪ್ಪತ್ತೊಂದು, ನಿವೃತ್ತಿಯಾದ ಯಜಮಾನರಿಗೆ ಹತ್ತೊಂಬತ್ತು. ವರ್ಷವಿಡೀ ತಾನು ಕೇಳಿದ್ದು ಏನೆಂದು ಕಂಪನಿಯ ಬಾಯಿಂದ ತಿಳಿದುಕೊಂಡು, ಅದರ ಬಣ್ಣದ ಚೀಟಿಯನ್ನು ಸ್ಟೇಟಸ್ಸಿಗೆ ಹಾಕಿ, ಪುಕ್ಕಟೆ ಜಾಹೀರಾತು ಮಾಡಿಕೊಡುವುದಷ್ಟೇ ಅಲ್ಲ, ಆ ಸೇವೆಗೆ ತಿಂಗಳ ಚಂದಾ ಕೂಡ ಕಟ್ಟುವ ಗಿರಾಕಿ ಯಾವ ವ್ಯಾಪಾರಿಗೆ ಸಿಕ್ಕಾನು?

ಲೆಕ್ಕವೇನೂ ಬ್ರಹ್ಮವಿದ್ಯೆಯಲ್ಲ. ನಿಮ್ಮ ಓರಗೆಯವರಿಗಿಂತ ನೀವು ಹೆಚ್ಚಾಗಿ ಕೇಳಿದ ಹಾಡುಗಳು ಯಾವ ಐದು ವರ್ಷದ ಅವಧಿಯವು ಎಂದು ಹುಡುಕುತ್ತಾರೆ. ಅವು ಬಿಡುಗಡೆಯಾದಾಗ ನಿಮಗೆ 16ರಿಂದ 21 ಇದ್ದಿರಬೇಕು ಎಂದು ಊಹಿಸುತ್ತಾರೆ. ಕೂಡಿ ಕಳೆದರೆ ವಯಸ್ಸು ತಯಾರು. ಹಾಗಾಗಿ ಒಂಟಿ ಗಿಟಾರಿನ ಸಂಗೀತ ಮೆಚ್ಚುವವರು ಹುಷಾರಾಗಿರಬೇಕು. ಇಂಗ್ಲೆಂಡಿನ ಗಾಯಕ ನಿಕ್ ಡ್ರೇಕನ 'ಪಿಂಕ್ ಮೂನ್' ಆಲ್ಬಮ್ 1972ರದು. ಎರಡೇ ರಾತ್ರಿಯಲ್ಲಿ ಮುಗಿದ ರೆಕಾರ್ಡಿಂಗು, 28 ನಿಮಿಷ, ಒಂದು ಗಿಟಾರು, ಒಂದು ದನಿ, ಒಂದು ಹಾಡಿನಲ್ಲಷ್ಟೇ ಒಂದಿಷ್ಟು ಪಿಯಾನೊ. ಆ ಕಾಲದ್ದನ್ನೇ ಹಚ್ಚಿಕೊಂಡು ಕೇಳಿದವರಿಗೆ ಎಪ್ಪತ್ತರ ಆಸುಪಾಸು ಗ್ಯಾರಂಟಿ. ಹಾಗಿದ್ದರೆ ಪಿ. ಕಾಳಿಂಗರಾಯರನ್ನು ಕೇಳಿ ತೊಂಬತ್ತು ದಾಟೋಣ ಅಂದರೆ ಅದೂ ಖಾತ್ರಿಯಿಲ್ಲ. ಹಳೆಯ ಧ್ವನಿಮುದ್ರಿಕೆಯನ್ನು ಡಿಜಿಟಲ್ಲಿಗೆ ಏರಿಸಿದವರು ಏರಿಸಿದ ವರ್ಷವನ್ನೇ ಬಿಡುಗಡೆ ವರ್ಷವೆಂದು ತುಂಬಿಬಿಟ್ಟಿದ್ದರೆ ಕಾಳಿಂಗರಾಯರೂ ನಿನ್ನೆ ಮೊನ್ನೆ ಬಂದ ಹುಡುಗರೇ.

ಇನ್ನು 'ವರ್ಷದ ಅತ್ಯುತ್ತಮ ಇಂಡಿ ಆಲ್ಬಮ್‌ಗಳ' ಪಟ್ಟಿ. ಇಂಡಿ ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಹಾಡುವವರದು. ಆ ಪಟ್ಟಿ ನವೆಂಬರಿನಲ್ಲೇ ಬರಲು ಶುರು. ಡಿಸೆಂಬರಿನಲ್ಲಿ ಆಲ್ಬಮ್ ಬಿಟ್ಟವನು ಈ ವರ್ಷಕ್ಕೂ ಸಲ್ಲ, ಮುಂದಿನ ವರ್ಷಕ್ಕೂ ಸಲ್ಲ. ಗ್ರ್ಯಾಮಿ ಪ್ರಶಸ್ತಿಯವರ ವರ್ಷವಂತೂ ಆಗಸ್ಟಿನಿಂದ ಆಗಸ್ಟಿಗೆ. ಇರಲಿ, ಪಟ್ಟಿ ಮಾಡುವವರಿಗೂ ಮನೆ ಮಠ ಇದೆ.

ನನ್ನನ್ನು ಕೇಳಿದರೆ 2025ರ ಅತ್ಯುತ್ತಮ ತಂಡ 'ದಿ ವೆಲ್ವೆಟ್ ಸನ್‌ಡೌನ್'. ಇದರಲ್ಲಿ ಎರಡು ಮಾತಿಲ್ಲ. ಜೂನ್ ಒಂದೇ ತಿಂಗಳಲ್ಲಿ ಎರಡು ಆಲ್ಬಮ್, ಜುಲೈ ನಡುವಿಗೆ ಮೂರನೆಯದು. ಎಪ್ಪತ್ತರ ದಶಕದ ಫೋಕ್ ರಾಕ್ ಧಾಟಿ, ಎದೆ ತುಂಬಿ ಬರುವ ಗಿಟಾರು, ತಿಂಗಳಿಗೆ ಹತ್ತು ಲಕ್ಷ ದಾಟಿದ ಕೇಳುಗರು, ಹೆಸರಿನ ಪಕ್ಕ ಅಧಿಕೃತ ಕಲಾವಿದರೆಂಬ ಟಿಕ್ ಮಾರ್ಕು. ಈ ತಂಡದ ಡ್ರಮ್ಮರ್ ರಿಹರ್ಸಲ್ಲಿಗೆ ತಡವಾಗಿ ಬರುವುದಿಲ್ಲ, ಗಾಯಕನಿಗೆ ಗಂಟಲು ಕಟ್ಟುವುದಿಲ್ಲ, ಬ್ಯಾಸಿಸ್ಟು ಮದುವೆಯಾಗಿ ಅಮೆರಿಕಕ್ಕೆ ಹೋಗುವುದಿಲ್ಲ. ಏಕೆಂದರೆ ಅವರು ಯಾರೂ ಇಲ್ಲ. ಪರಿಚಯದಲ್ಲಿ ನಾಲ್ಕು ಹೆಸರಿತ್ತು, ಫೋಟೋ ಇತ್ತು, ಮನುಷ್ಯರಿರಲಿಲ್ಲ. ಆಮೇಲೆ ಪರಿಚಯವನ್ನು ತಿದ್ದಿ, ಇದು ಕೃತಕ ಬುದ್ಧಿಮತ್ತೆಯಿಂದ ಮಾಡಿದ 'ಸಂಶ್ಲೇಷಿತ ಸಂಗೀತ ಯೋಜನೆ' ಎಂದು ಬರೆದುಕೊಂಡರು.

ಇಷ್ಟಕ್ಕೆ ಮುಗಿದಿದ್ದರೆ ಮಾಮೂಲಿ ಮೋಸ ಅನ್ನಬಹುದಿತ್ತು. ನಡುವೆ ತಂಡದ ವಕ್ತಾರನೆಂದು ಒಬ್ಬ ಎದ್ದು ಬಂದ. ಪತ್ರಿಕೆಗಳಿಗೆ ಸಂದರ್ಶನ ಕೊಟ್ಟ. ಹಾಡು ಮಾಡಲು ಸುನೋ ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಬಳಸಿದೆವು ಅಂದ. ಕೊನೆಗೆ ನೋಡಿದರೆ ಅವನೂ ಖೊಟ್ಟಿ! ಅವನು ನಮ್ಮವನಲ್ಲ ಎಂದು ತಂಡದ ಪುಟದಿಂದ ಸ್ಪಷ್ಟನೆ ಹೊರಟಿತು. ಇಲ್ಲದ ತಂಡದ ಹೆಸರು ಕೆಡಿಸಿದ ಇಲ್ಲದ ವಕ್ತಾರ. ಮಾನನಷ್ಟ ಮೊಕದ್ದಮೆ ಹೂಡುವುದಿದ್ದರೆ ಕಟಕಟೆಯಲ್ಲಿ ಯಾರನ್ನು ನಿಲ್ಲಿಸುತ್ತಿದ್ದರೋ.

ಕಿವಿಯಲ್ಲಿ ಗೊತ್ತಾಗುವುದಿಲ್ಲವೇ ಎಂದು ಕೇಳಬೇಡಿ. ಸ್ಪಾಟಿಫೈಯಂತೆಯೇ ಹಾಡು ಕೇಳಿಸುವ ಡೀಜರ್ ಸಂಸ್ಥೆ ಎಂಟು ದೇಶಗಳ 9,000 ಜನರ ಮೇಲೆ ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ 97 ಮಂದಿ ಫೇಲು. ಆದರೂ ಅಕೌಸ್ಟಿಕ್ ಗಿಟಾರಿನಲ್ಲಿ ಒಂದೆರಡು ಸುಳಿವು ಹಿಡಿಯಬಹುದು. ಎಡಗೈ ಬೆರಳು ದಪ್ಪ ತಂತಿಯ ಮೇಲೆ ಜಾರಿದಾಗ 'ಕ್ರೀಚ್' ಅನ್ನುವುದು ಸ್ವರ ಬದಲಾಗುವ ಕ್ಷಣಕ್ಕೆ ತುಸು ಮುಂಚೆ, ಏಕೆಂದರೆ ಬೆರಳು ಹೊಸ ಜಾಗಕ್ಕೆ ಹೋಗುತ್ತಿರುವುದೇ ಆಗ. ತಂತಿ ಹೊಸದಾದಷ್ಟೂ ಈ ಸದ್ದು ಜಾಸ್ತಿ. ಯಂತ್ರಕ್ಕೆ ಸದ್ದು ಗೊತ್ತು, ಬೆರಳು ಗೊತ್ತಿಲ್ಲ. ಎಷ್ಟೋ ಸಲ ಕೈ ಅಲುಗಲೇಬಾರದ ಕಡೆ ಕ್ರೀಚ್ ಅನ್ನಿಸುತ್ತದೆ. ಹಾಡುವವನು ಉದ್ದ ಸಾಲಿಗೆ ಮುಂಚೆ ಉಸಿರೆಳೆದನೋ ಇಲ್ಲವೋ ನೋಡಿ. 'ಸ', 'ಶ' ಬಂದ ಕಡೆ ಡ್ರಮ್ಮಿನ ಸಿಂಬಲ್ ತಾಳದ ಸದ್ದಿನೊಂದಿಗೆ ಕಲಸಿಹೋಗಿದೆಯೇ ನೋಡಿ. ಇಷ್ಟೆಲ್ಲ ಬೆಂಗಳೂರಿನ ಬಸ್ಸಿನಲ್ಲಿ ಅಗ್ಗದ ಇಯರ್‌ಫೋನಿನಲ್ಲಿ ನೋಡಲಾಗುವುದಿಲ್ಲ ಎಂಬುದು ಯಂತ್ರದ ಹಾಡು ಬಿಡುವವರಿಗೂ ಗೊತ್ತು.

ನಿಜವಾದ ಮನುಷ್ಯ ರೆಕಾರ್ಡ್ ಮಾಡಲು ಕೂತರೆ ಮೊದಲು ಫ್ಯಾನು ಆರಿಸಬೇಕು, ಆಮೇಲೆ ಫ್ರಿಜ್ಜು. ಮೈಕನ್ನು ಗಿಟಾರಿನ ತೂತಿನ ಎದುರಿಗೇ ಇಟ್ಟರೆ ಕೆಳದನಿ ಗುಮ್ಮೆಂದು ಎಲ್ಲವನ್ನೂ ನುಂಗುತ್ತದೆ. ಗಿಟಾರಿನ ಕತ್ತಿನ ಮೇಲಿನ ಹನ್ನೆರಡನೇ ಫ್ರೆಟ್ಟಿನ (ಅಡ್ಡಗೀಟಿನ) ಕಡೆಗೆ ತಿರುಗಿಸಿ, ಒಂದು ಗೇಣಿನಷ್ಟು ದೂರವಿಟ್ಟರೆ ಸರಿಹೋಗುತ್ತದೆ. ಅಷ್ಟರಲ್ಲಿ ಹೊರಗೆ ಗುಜರಿ ಆಟೊದ ಧ್ವನಿವರ್ಧಕ ಶುರು.

ಗುಜರಿ ಸಲಕರಣೆಯಲ್ಲೂ ದೊಡ್ಡ ಕೆಲಸ ಆಗಿದೆ. 1982ರ ಜನವರಿಯಲ್ಲಿ ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಬಾಡಿಗೆ ಮನೆಯಲ್ಲಿ ಟಿಯಾಕ್ 144 ಎಂಬ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರ, ಎರಡು ಶ್ಯೂರ್ 57 ಮೈಕು ಇಟ್ಟುಕೊಂಡು 'ನೆಬ್ರಾಸ್ಕ' ಆಲ್ಬಮ್ ಹಾಡಿದ. ಮಿಕ್ಸ್ ಇಳಿಸಿದ್ದು ನೀರು ಕುಡಿದು ಕೆಟ್ಟಿದ್ದ ಪ್ಯಾನಸಾನಿಕ್ ಟೇಪ್‌ರೆಕಾರ್ಡರಿಗೆ. ಆ ಕ್ಯಾಸೆಟ್ಟು ಡಬ್ಬಿಯೂ ಇಲ್ಲದೆ ಅವನ ಜೇಬಿನಲ್ಲಿ ಓಡಾಡಿತು. ಬ್ಯಾಂಡ್ ಕಟ್ಟಿ ಮತ್ತೆ ನುಡಿಸಿ ನೋಡಿದರು, ಜೀವ ಬರಲಿಲ್ಲ. ಕ್ಯಾಸೆಟ್ಟನ್ನೇ ಡಿಸ್ಕಿಗೆ ಇಳಿಸೋಣವೆಂದರೆ ಮಟ್ಟ ಕಡಿಮೆ, ಗುಸುಗುಸು ಜಾಸ್ತಿ, ಮಾಸ್ಟರಿಂಗ್ ಮಾಡುವವರು ಹೈರಾಣಾದರು. ಅವರು ತೆಗೆಯಲು ಒದ್ದಾಡಿದ ಆ ಗುಸುಗುಸುವನ್ನೇ ಈಗ ಪ್ಲಗಿನ್ ಎಂಬ ಕಂಪ್ಯೂಟರ್ ತಂತ್ರಾಂಶ ಮಾಡಿ ಡಾಲರಿಗೆ ಮಾರುತ್ತಾರೆ. ಟೇಪು ಜೋಲಿ ಹೊಡೆದಂತೆ ಕೇಳಿಸಲು ಒಂದು ಗುಬುಟು, ಧೂಳಿಗೊಂದು ಗುಬುಟು. ಸ್ವಚ್ಛವಾಗಿ ರೆಕಾರ್ಡಾದ ಗಿಟಾರಿಗೆ ಬಡತನ ಲೇಪಿಸಿ ಕೊಡಲಾಗುತ್ತದೆ.

ಯಂತ್ರದ ಮೇಲಷ್ಟೇ ತಪ್ಪು ಹೊರಿಸುವುದು ಬೇಡ. ಅದು ಬರುವ ಮೊದಲೂ ಪರಿಶ್ರಮಿಗಳಿದ್ದರು. ಸ್ಟಾಕ್‌ಹೋಮಿನ ಒಬ್ಬರೇ ಸಂಗೀತ ಸಂಯೋಜಕರು 650ಕ್ಕೂ ಹೆಚ್ಚು ಕಲಾವಿದರ ಹೆಸರಿನಲ್ಲಿ ಹಾಡು ಬಿಟ್ಟಿದ್ದನ್ನು 2024ರಲ್ಲಿ ಸ್ವೀಡನ್ನಿನ ಪತ್ರಿಕೆ ಪತ್ತೆ ಮಾಡಿತು. ಒಟ್ಟು ಸುಮಾರು 1,500 ಕೋಟಿ ಸ್ಟ್ರೀಮು, ಅಂದರೆ ಅಷ್ಟು ಸಲದ ಕೇಳಿಕೆ. ನಿಮ್ಮ 'ಶಾಂತ ಪಿಯಾನೊ' ಪ್ಲೇಲಿಸ್ಟಿನ ಹತ್ತು ಜನ ಒಬ್ಬರೇ ಆಗಿರಬಹುದು. ಉತ್ತರ ಕೆರೊಲಿನಾದ ಮತ್ತೊಬ್ಬನ ಮೇಲೆ ಅದೇ ವರ್ಷ ಅಮೆರಿಕದ ಸರ್ಕಾರ ಹಾಕಿದ ಆರೋಪಪಟ್ಟಿಯಂತೂ ಪಠ್ಯವಾಗಬೇಕು. 52 ಖಾತೆ, ಒಂದೊಂದರಲ್ಲಿ 20 ಬಾಟ್ (ಮನುಷ್ಯರಂತೆ ನಟಿಸಿ ಹಾಡು ಕೇಳುವ ತಂತ್ರಾಂಶ), ಅಲ್ಲಿಗೆ 1,040. ಒಂದೊಂದು ಬಾಟ್ ದಿನಕ್ಕೆ 636 ಹಾಡು ಕೇಳಿದರೆ 6,61,440 ಸ್ಟ್ರೀಮು. ಸ್ಟ್ರೀಮಿಗೆ ಅರ್ಧ ಸೆಂಟಿನಂತೆ ದಿನಕ್ಕೆ 3,307 ಡಾಲರು. ಒಂದೇ ಹಾಡಿಗೆ ಅಷ್ಟು ಕೇಳಿಕೆ ಬಂದರೆ ಅನುಮಾನ ಬರುತ್ತದೆ, ಆದ್ದರಿಂದ ಹರಡಲು ಸಾವಿರಾರು ಹಾಡು ಬೇಕು. ಹಾಡು ಬರೆಯಲು ಪುರುಸೊತ್ತೆಲ್ಲಿ? ಅದನ್ನು ಕೃತಕ ಬುದ್ಧಿಮತ್ತೆ ನೋಡಿಕೊಂಡಿತು. ಹಾಡಿದ್ದು ಯಂತ್ರ, ಕೇಳಿದ್ದು ಯಂತ್ರ, ದುಡ್ಡು ಮಾತ್ರ ಮನುಷ್ಯನಿಗೆ. ಒಟ್ಟು ಒಂದು ಕೋಟಿ ಡಾಲರಿಗೂ ಹೆಚ್ಚು ಅಂತ ಆರೋಪಪಟ್ಟಿ ಹೇಳಿತ್ತು.

ಈಗ ನಿಜವಾಗಿ ಗಿಟಾರು ಹಿಡಿದವನ ಕಥೆ. 2024ರಿಂದ ಸ್ಪಾಟಿಫೈ ನಿಯಮ ಹೀಗಿದೆ: ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸ್ಟ್ರೀಮು ಮುಟ್ಟದ ಹಾಡಿಗೆ ರೆಕಾರ್ಡಿಂಗಿನ ರಾಯಲ್ಟಿ ಇಲ್ಲ. ಹತ್ತು ಹಾಡಿನ ಆಲ್ಬಮ್ಮು, ಒಂದೊಂದು 999 ಸಲ. ಒಟ್ಟು 9,990, ಸಂದಾಯ ಸೊನ್ನೆ. ಕಂಪನಿ ಕೊಟ್ಟ ಕಾರಣ, ಇಂಥ ಹಾಡಿಗೆ ತಿಂಗಳಿಗೆ ಸರಾಸರಿ ಮೂರು ಸೆಂಟು ಬರುತ್ತಿತ್ತು, ವಿತರಕರು 2ರಿಂದ 50 ಡಾಲರು ಸೇರದೆ ಹಣ ಬಿಡುವುದಿಲ್ಲ, ಹೇಗೂ ಕಲಾವಿದನ ಕೈ ಸೇರುತ್ತಿರಲಿಲ್ಲ. ಆದ್ದರಿಂದ ಆ ಪಾಲನ್ನು ಸಾವಿರ ದಾಟಿದವರಿಗೆ ಹಂಚುತ್ತೇವೆ.

ಎಷ್ಟು ಉದಾರ! ಬಡವನ ಎರಡೂವರೆ ರೂಪಾಯಿ ಅವನಿಗೆ ಭಾರವಾದೀತೆಂದು ಇಳಿಸಿಕೊಂಡರು.

ಇಲ್ಲ, ಇದರಲ್ಲಿ ನಗುವಂಥದ್ದೇನಿಲ್ಲ. ಒಬ್ಬನ ಕೆಲಸವನ್ನು ಒಂಬೈನೂರು ಸಲ ಜನರಿಗೆ ಉಣಬಡಿಸಿ, ಅದರ ನಡುವೆ ಜಾಹೀರಾತನ್ನೂ ಹಾಕಿ, ನಿನಗೇನೂ ಇಲ್ಲ ಅನ್ನುವುದು ಯಾವ ಊರಿನ ನ್ಯಾಯ? ಚಿಲ್ಲರೆಯೇ ಇರಬಹುದು, ಅದು ಅವನದು. ಹೊಸದಾಗಿ ಬರೆದು ಹಾಡುವವರಲ್ಲಿ ಎಷ್ಟೋ ಜನ ಈ ಗೆರೆಯ ಕೆಳಗೇ ಇದ್ದಾರೆ, ಕನ್ನಡದವರೂ. ಅವರನ್ನು ಮೇಲೆತ್ತಲು ಕಂಪನಿ ಕೊಡುವ ಏಣಿಗೆ ಡಿಸ್ಕವರಿ ಮೋಡ್ ಎಂದು ಹೆಸರು: ಹಾಡನ್ನು ಹೆಚ್ಚು ಜನರಿಗೆ ತೋರಿಸುತ್ತೇವೆ, ಆ ಕೇಳಿಕೆಯ ರಾಯಲ್ಟಿಯಲ್ಲಿ ನೂರಕ್ಕೆ ಮೂವತ್ತು ಬಿಟ್ಟುಕೊಡಿ.

1978ರಲ್ಲಿ ಬಂದ 'ನಿತ್ಯೋತ್ಸವ' ಕ್ಯಾಸೆಟ್ಟಿನ ಕವಿ ನಿಸಾರ್ ಅಹಮದ್, ಸಂಗೀತ ಮೈಸೂರು ಅನಂತಸ್ವಾಮಿ ಎಂಬುದು ಇವತ್ತಿಗೂ ನೆನಪಿರುವವರಿದ್ದಾರೆ. ಈಗ ಹಾಡಿದ್ದು ಮನುಷ್ಯನೋ ಅಲ್ಲವೋ ಎಂದು ತಿಳಿಯಲೂ ದಾರಿಯಿಲ್ಲ. ಒಂದು ವರ್ಷದಲ್ಲಿ ಏಳೂವರೆ ಕೋಟಿ ಕಸದ ಹಾಡು ತೆಗೆದುಹಾಕಿದ್ದೇವೆ ಎಂದು ಸ್ಪಾಟಿಫೈ 2025ರ ಸೆಪ್ಟೆಂಬರಿನಲ್ಲಿ ಹೇಳಿಕೊಂಡಿತು. ಜೊತೆಗೆ, ಯಂತ್ರದ ಪಾಲೆಷ್ಟು ಎಂದು ಕ್ರೆಡಿಟ್ಟಿನಲ್ಲಿ ನಮೂದಿಸುವ ವ್ಯವಸ್ಥೆ ತರುತ್ತೇವೆ ಎಂದೂ ಅಂದಿತು. ನಮೂದಿಸುವವನು ಹಾಡು ಏರಿಸಿದವನೇ. ಕಳ್ಳ ಠಾಣೆಗೆ ಬಂದು ರಿಜಿಸ್ಟರಿನಲ್ಲಿ ಸಹಿ ಹಾಕಿ ಹೋಗುವ ಏರ್ಪಾಟು.

ಸ್ಟ್ರೀಮಿಂಗಿಗೆ ಕಾಲಿಡದೆಯೇ ಬದುಕಬಹುದು ಎಂಬುದಕ್ಕೂ ಸಾಕ್ಷಿ ಇದೆ. ಕೆನಡಾದ ಸಿಂಡಿ ಲೀ 2024ರಲ್ಲಿ 32 ಹಾಡು, ಎರಡು ಗಂಟೆಯ 'ಡೈಮಂಡ್ ಜುಬಿಲಿ'ಯನ್ನು ಹಳೇ ಕಾಲದ ಜಾಲತಾಣದಲ್ಲಿ ಡೌನ್‌ಲೋಡಿಗೆ ಇಟ್ಟು, ಒಂದು ಉದ್ದ ಯೂಟ್ಯೂಬ್ ವಿಡಿಯೊ ಹಾಕಿ ಸುಮ್ಮನಾದದ್ದು. 30 ಡಾಲರು ಕೊಟ್ಟರೆ ಸಂತೋಷ ಅಂದದ್ದು. ಅಮೆರಿಕದ ಸಂಗೀತ ಪತ್ರಿಕೆ ಪಿಚ್‌ಫೋರ್ಕ್ ಮಾಡಿದ ಆ ವರ್ಷದ ಅತ್ಯುತ್ತಮ ಆಲ್ಬಮ್ಮುಗಳ ಪಟ್ಟಿಯಲ್ಲಿ ಅದಕ್ಕೇ ಮೊದಲ ಸ್ಥಾನ.

ಎಲ್ಲರಿಗೂ ಆ ಅದೃಷ್ಟವಿಲ್ಲ. ಉಳಿದವರಿಗೆ ಬ್ಯಾಂಡ್‌ಕ್ಯಾಂಪ್ ಇದೆ, ಕಲಾವಿದರು ಕೇಳುಗರಿಗೆ ನೇರವಾಗಿ ಆಲ್ಬಮ್ ಮಾರುವ ಜಾಲತಾಣ. ಹತ್ತು ಡಾಲರಿನ ಆಲ್ಬಮ್ಮಿನಲ್ಲಿ ಅದು ಒಂದೂವರೆ ಡಾಲರು ಹಿಡಿದುಕೊಳ್ಳುತ್ತದೆ, ಪಾವತಿ ಶುಲ್ಕ ಬೇರೆ, ಮಿಕ್ಕಿದ್ದು ಹಾಡಿದವರಿಗೆ. ವರ್ಷದ ಕೆಲವು ಶುಕ್ರವಾರಗಳಲ್ಲಿ ತನ್ನ ಪಾಲನ್ನೂ ಬಿಡುತ್ತದೆ, ಕೊಳ್ಳುವುದಿದ್ದರೆ ಅವತ್ತು ಕೊಳ್ಳಿ. ಅದನ್ನೂ ತೀರಾ ನಂಬಬೇಡಿ: ಎರಡು ವರ್ಷದೊಳಗೆ ಎರಡು ಸಲ ಮಾಲೀಕರು ಬದಲಾಗಿ, 2023ರಲ್ಲಿ ಸುಮಾರು ಅರ್ಧ ಸಿಬ್ಬಂದಿ ಮನೆಗೆ ಹೋದರು. ಕೊಂಡ ಆಲ್ಬಮ್ಮನ್ನು ಅವತ್ತೇ ಫ್ಲ್ಯಾಕ್ (ದನಿ ಒಂದಿಷ್ಟೂ ಕೆಡದ ಫೈಲು) ರೂಪದಲ್ಲಿ ಇಳಿಸಿಕೊಂಡು ಎರಡು ಕಡೆ ಇಟ್ಟುಕೊಳ್ಳಿ.